ಪ್ರತಿಯೊಂದಕ್ಕೂ ಉತ್ತರ, ಎಲ್ಲಕ್ಕೂ ಒಂದು ನಿಯಮ: ಫೈಬ್ರೇಷನ್‌ನ ಎರಡು ವ್ಯಾಖ್ಯೆಗಳು

ನಾವು ಜೀವವಿಜ್ಞಾನದವರು, ಆದರೆ ಇವತ್ತಿನ ಕಂತು ಗಣಿತದ್ದು, ಕ್ಯಾಟಗರಿ ಥಿಯರಿಯದ್ದು. ಪೆನ್ನು, ಕಾಗದ ಹತ್ತಿರ ಇದ್ದರೆ ಒಳ್ಳೇದು.

ಲ್ಯಾಬ್‌ನಿಂದಲೇ ಶುರು ಮಾಡೋಣ. 32 ಜನರ ರಕ್ತದ ಮಾದರಿ ಇದೆ. ಒಬ್ಬೊಬ್ಬರದ್ದನ್ನೂ ಮೂರು ಗುಳಿಗೆ ಹಾಕಿದರೆ 96 ಗುಳಿಗಳ ಪ್ಲೇಟ್ ಭರ್ತಿ. ಯಾವ ಗುಳಿ ಯಾರದ್ದು ಅಂತ ಹೇಳುವ ಪಟ್ಟಿ ಒಂದು ಬಾಣ, ಗುಳಿಗಳಿಂದ ಜನರ ಕಡೆಗೆ. ಒಬ್ಬೊಬ್ಬರ ಹೆಸರಲ್ಲೂ ಒಂದು ಕಡತ ಇದೆ ಅನ್ನಿ. ಬಾಣ ಹಿಡಿದು ಹಿಂದಕ್ಕೆ ಬಂದರೆ ಪ್ರತಿ ಗುಳಿಗೂ ಅದರ ಒಡೆಯರ ಕಡತ ಸಿಗುತ್ತೆ, ಅಲ್ವಾ?

ಇಲ್ಲಿ ಪಟ್ಟಿಗಳು ತಳದ ಕ್ಯಾಟಗರಿ, ಕಡತ ಹೊತ್ತ ಪಟ್ಟಿಗಳು ಮೇಲಿನ ಕ್ಯಾಟಗರಿ. ತಳದ ಬಾಣಕ್ಕೆ ಮೇಲೆ ಹೀಗೆ ಸಿಗುವ ಬಾಣ ಕಾರ್ಟೀಸಿಯನ್ ಲಿಫ್ಟ್. ಅದರ ಗುಣ ಏನಪ್ಪಾ ಅಂದ್ರೆ, ತಳದಲ್ಲಿ ಅದೇ ದಾರಿಯಾಗಿ ಬರುವ ಬೇರೆ ಯಾವ ಬಾಣವೂ ಮೇಲೆ ಇದರ ಮೂಲಕವೇ, ಒಂದೇ ಒಂದು ರೀತಿಯಲ್ಲಿ, ಹಾದುಬರುತ್ತೆ. ಎಲ್ಲ ಬಾಣಕ್ಕೂ ಲಿಫ್ಟ್ ಇದ್ದರೆ ಅದು ಫೈಬ್ರೇಷನ್. 1960-61ರ ತಮ್ಮ ಸೆಮಿನಾರ್‌ನಲ್ಲಿ ಅಲೆಕ್ಸಾಂಡರ್ ಗ್ರೊಥೆಂಡೀಕ್ ಇದನ್ನು ವಿಸ್ತಾರವಾಗಿ ಬೆಳೆಸಿದರು.

ಇಲ್ಲಿವರೆಗೆ ನಾವು ಕ್ಯಾಟಗರಿಯ ಒಳಗೆ ಕೈ ಹಾಕಿ ಒಂದೊಂದನ್ನೇ ಎತ್ತಿ ನೋಡಿದೆವು. 2-ಕ್ಯಾಟಗರಿಯಲ್ಲಿ ಆ ಸೌಕರ್ಯ ಇಲ್ಲ. ಅಲ್ಲಿರೋದು ವಸ್ತುಗಳು, ಅವುಗಳ ನಡುವೆ ಬಾಣಗಳು, ಬಾಣಗಳ ನಡುವೆ ಬಾಣಗಳು, ಅಷ್ಟೇ. ಒಳಗು ಕಾಣದ ವಸ್ತುಗಳ ಲೋಕದಲ್ಲಿ ಫೈಬ್ರೇಷನ್ ಅಂದರೆ ಏನು?

ಮೊದಲ ದಾರಿ, ಹೊರಗಿನಿಂದ ಪ್ರೋಬ್ ಕಳಿಸೋದು. ಯಾವುದೇ ವಸ್ತು ‘ಎಕ್ಸ್’ ತಗೊಳ್ಳಿ. ಎಕ್ಸ್‌ನಿಂದ ಮೇಲಿನ ವಸ್ತುವಿಗೆ ಹೋಗುವ ಬಾಣಗಳೆಲ್ಲ ಸೇರಿ ಒಂದು ಮಾಮೂಲಿ ಕ್ಯಾಟಗರಿ ಆಗುತ್ತೆ. ತಳಕ್ಕೆ ಹೋಗುವವೂ ಹಾಗೇ. ಇವೆರಡರ ನಡುವೆ ಹಳೆಯ ವ್ಯಾಖ್ಯೆ ನಡೀಬೇಕು, ಪ್ರತಿ ಎಕ್ಸ್‌ಗೂ. ಪ್ರೋಬ್ ಬದಲಿಸಿದರೂ ಕಾರ್ಟೀಸಿಯನ್ ಆದದ್ದು ಕಾರ್ಟೀಸಿಯನ್ ಆಗಿಯೇ ಉಳಿಯಬೇಕು. ಇದು ರೆಪ್ರೆಸೆಂಟಬಲ್ ವ್ಯಾಖ್ಯೆ.

ಎರಡನೆಯದು ಇಂಟರ್ನಲ್, ಒಳಗಿನ ದಾರಿ. ಮೇಲೆ ಒಂದು ಬಿಂದು, ತಳದಲ್ಲಿ ಅದರ ನೆರಳಿಗೆ ಬಂದು ಸೇರುವ ಒಂದು ಬಾಣ: ಇದು ಒಂದು ಲಿಫ್ಟ್ ಪ್ರಶ್ನೆ. ಇಂಥ ಎಲ್ಲ ಪ್ರಶ್ನೆಗಳನ್ನೂ ಕಲೆಹಾಕಿದ ವಸ್ತುವೇ ಕಾಮಾ ಆಬ್ಜೆಕ್ಟ್. ಮೇಲಿನ ವಸ್ತುವಿನಿಂದ ಅಲ್ಲಿಗೆ ಒಂದು ಸಹಜ ಬಾಣ ಇದೆ. ಅದು ಪ್ರತಿ ಬಿಂದುವಿಗೂ ‘ಏನೂ ಬದಲಾಗದ’ ಪ್ರಶ್ನೆಯನ್ನು ಜೋಡಿಸುತ್ತೆ. ತಳವನ್ನು ಕದಲಿಸದೆ ಆ ಬಾಣಕ್ಕೆ ಬಲ ಅಡ್ಜಾಯಿಂಟ್ ಇದ್ದರೆ ಅದು ಫೈಬ್ರೇಷನ್. ಇಲ್ಲಿ ಅಡ್ಜಾಯಿಂಟ್ ಅಂದರೆ ಎಲ್ಲ ಪ್ರಶ್ನೆಗೂ ಒಟ್ಟಿಗೆ, ಅತ್ಯುತ್ತಮ ಉತ್ತರ ಕೊಡುವ ನಿಯಮ.

ಆಸ್ಟ್ರೇಲಿಯಾದ ರಾಸ್ ಸ್ಟ್ರೀಟ್ 1974ರ ಲೇಖನದಲ್ಲಿ ಫೈಬ್ರೇಷನ್‌ಗಳನ್ನೂ ಯೊನೆಡಾ ಲೆಮ್ಮಾವನ್ನೂ 2-ಕ್ಯಾಟಗರಿಯೊಳಗೆ ಕಟ್ಟಿ ತೋರಿಸಿದರು. ಕಾಮಾ ಆಬ್ಜೆಕ್ಟ್‌ಗಳು ಇರುವ ಕಡೆ ಎರಡು ವ್ಯಾಖ್ಯೆಯೂ ಒಂದೇ. ಯಾಕೆ? ಕಾಮಾ ಆಬ್ಜೆಕ್ಟನ್ನೇ ಪ್ರೋಬ್ ಆಗಿ ಕಳಿಸಿ ನೋಡಿ. ಅದು ಕೇಳೋದು ಎಲ್ಲ ಪ್ರಶ್ನೆಗಳ ತಾಯಿಪ್ರಶ್ನೆ. ಅದಕ್ಕೆ ಸಿಗುವ ಲಿಫ್ಟೇ ಅಡ್ಜಾಯಿಂಟನ್ನು ಕೊಡುತ್ತೆ. ಬೇರೆ ಪ್ರೋಬ್‌ಗಳ ಪ್ರಶ್ನೆಗಳೆಲ್ಲ ಅದರಿಂದಲೇ ಹುಟ್ಟುವಂಥವು. ಪ್ರೋಬ್ ಬದಲಿಸಿದರೂ ಉತ್ತರ ಕೆಡಬಾರದು ಅನ್ನುವ ಷರತ್ತು ಕೆಲಸಕ್ಕೆ ಬರೋದು ಇಲ್ಲೇ. ಕಾಮಾ ಆಬ್ಜೆಕ್ಟ್ ಇಲ್ಲದ ಕಡೆ ಮೊದಲ ವ್ಯಾಖ್ಯೆ ಮಾತ್ರ ಉಳಿಯುತ್ತೆ.

ಹಾಗಾದರೆ ‘ಪ್ರತಿ ಎಕ್ಸ್‌ಗೂ’ ಯಾಕೆ, ಒಂದು ಬಿಂದುವಿನ ಪ್ರೋಬ್ ಸಾಲದಾ? ಒಂದು ಹೋಲಿಕೆ ಕೊಡ್ತೀವಿ. ಕಾಂಪ್ಲೆಕ್ಸ್ ಸಂಖ್ಯೆಗಳ ಏಕಮಾನ ವೃತ್ತದ ಮೇಲಿನ ಪ್ರತಿ ಬಿಂದುವಿಗೂ ವರ್ಗಮೂಲ ಇದೆ. ಆದರೆ ಒಂದೊಂದು ಮೂಲ ಆರಿಸುತ್ತಾ, ಎಲ್ಲೂ ನೆಗೆಯದೆ ಒಂದು ಸುತ್ತು ಬಂದರೆ, ಹೊರಟ ಮೂಲ ಸಿಗಲ್ಲ. ಅದರ ಋಣ ರೂಪ ಸಿಗುತ್ತೆ. ಬಿಂದು ಬಿಂದುವಿಗೂ ಉತ್ತರ ಇದೆ, ಇಡೀ ವೃತ್ತಕ್ಕೆ ಒಂದು ಅವಿಚ್ಛಿನ್ನ ನಿಯಮ ಇಲ್ಲ. ಬಿಂದುವಿನ ಪ್ರೋಬ್ ಇದನ್ನು ಕಾಣಲ್ಲ, ವೃತ್ತದ ಪ್ರೋಬ್ ಕಾಣುತ್ತೆ.

ನಮ್ಮ ಪ್ಲೇಟ್‌ಗೂ ಇದು ಅನ್ವಯಿಸುತ್ತೆ. 96 ಗುಳಿಗಳನ್ನು ಒಂದೊಂದಾಗಿ ಕೈಯಲ್ಲಿ ಹೊಂದಿಸಿದರೆ 96 ಉತ್ತರ ಸಿಕ್ಕಿತು, ಸರಿ. ನಾಳೆ ಗುಳಿಗಳ ಜೋಡಣೆ ಬದಲಾದರೆ? ನಿಯಮ ಇದ್ದರೆ ಮಾತ್ರ ಆ ಉತ್ತರಗಳು ಹೊಸ ಪ್ಲೇಟ್‌ಗೆ ಬರುತ್ತವೆ. ಬೇರೆ ಲ್ಯಾಬ್‌ನವರು ನಮ್ಮ ಫಲಿತಾಂಶವನ್ನು ಮತ್ತೆ ಪಡೆಯಬೇಕಾದರೂ ಬೇಕಾಗೋದು ಆ ನಿಯಮವೇ.

ಒಂದು ಮನೆಗೆಲಸ: ಗುಳಿಯಿಂದ ವ್ಯಕ್ತಿಗೆ, ವ್ಯಕ್ತಿಯಿಂದ ಊರಿಗೆ, ಹೀಗೆ ಎರಡು ಬಾಣ ಬರೆಯಿರಿ. ಊರಿನ ಕಡತವನ್ನು ಎರಡು ಹೆಜ್ಜೆಯಲ್ಲಿ ತಂದರೂ ಒಂದೇ ಹೆಜ್ಜೆಯಲ್ಲಿ ತಂದರೂ ಗುಳಿಗೆ ಸಿಗೋದು ಒಂದೇನಾ? ನೋಡಿ, ನಮಗೂ ಬರೆದು ತಿಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.