ಸೋವಿಯತ್ ಒಕ್ಕೂಟ: ಕಮ್ಯುನಿಸ್ಟ್ ಆಡಳಿತದ ಆರ್ಥಿಕ–ಸಾಮಾಜಿಕ ಪರಿಣಾಮಗಳು

• 1917: ಅಕ್ಟೋಬರ್ ಕ್ರಾಂತಿ, ಭೂಮಿಯ ಖಾಸಗಿ ಒಡೆತನ ರದ್ದು.

• 1919: 8ರಿಂದ 50 ವಯಸ್ಸಿನ ಅನಕ್ಷರಸ್ಥರೆಲ್ಲರೂ ಓದು-ಬರಹ ಕಲಿಯಬೇಕೆಂಬ ಆದೇಶ. ಇದು ಈ ಆಡಳಿತದ ದೊಡ್ಡ ಸಾಧನೆಯಾದ ಸಾಕ್ಷರತೆಗೆ ನಾಂದಿ.

• 1921: ಲೆನಿನ್‌ರ ಹೊಸ ಆರ್ಥಿಕ ನೀತಿ, ಸಣ್ಣ ವ್ಯಾಪಾರಕ್ಕೆ ಅನುಮತಿ. ಯೋಜನಾ ಸಂಸ್ಥೆ ಗೋಸ್‌ಪ್ಲಾನ್ ಸ್ಥಾಪನೆ.

• 1928: ಸ್ಟಾಲಿನ್ ಕಾಲದ ಮೊದಲ ಪಂಚವಾರ್ಷಿಕ ಯೋಜನೆ ಆರಂಭ, ಉಕ್ಕು, ಕಲ್ಲಿದ್ದಲು, ವಿದ್ಯುತ್ತಿಗೆ ಆದ್ಯತೆ. ದಿನಬಳಕೆಯ ವಸ್ತುಗಳಿಗೆ ಸದಾ ಕೊರತೆ, ಅಂಗಡಿಗಳ ಮುಂದೆ ಉದ್ದನೆಯ ಸಾಲು.

• ಕೊಲ್ಖೋಜ್: ಸಾಮೂಹಿಕ ಕೃಷಿ ಕ್ಷೇತ್ರ. ಬಲವಂತದ ಸಾಮೂಹೀಕರಣ ಮತ್ತು ಧಾನ್ಯ ವಸೂಲಿಯಿಂದ 1932–33ರಲ್ಲಿ ಘೋರ ಕ್ಷಾಮ; ಉಕ್ರೇನ್, ಕಜಾಕಿಸ್ತಾನಗಳಲ್ಲಿ ಲಕ್ಷಾಂತರ ಸಾವು. ಅಂಕಿಗಳ ಹಿಂದಿನ ಈ ಮಾನವ ದುರಂತವನ್ನು ಮರೆಯಬಾರದು.

• 1991: ಒಕ್ಕೂಟದ ವಿಸರ್ಜನೆ.

ನೆನಪಿಡಿ: ಪೆರೆಸ್ಟ್ರೋಯಿಕಾ ಎಂದರೆ ಪುನರ್‌ರಚನೆ, ಗ್ಲಾಸ್‌ನೋಸ್ತ್ ಎಂದರೆ ಮುಕ್ತತೆ. ಈ ಎರಡೂ ಸುಧಾರಣಾ ನೀತಿಗಳನ್ನು ತಂದವರು ಒಕ್ಕೂಟದ ಕೊನೆಯ ನಾಯಕ ಗೋರ್ಬಚೇವ್.