ಮೆಣಸಿನಕಾಯಿ ಮುಟುರು: ಎಲೆ ಮೇಲಕ್ಕೋ, ಕೆಳಕ್ಕೋ?

ನಮ್ಮ ಹಚ್ಚೊಳ್ಳಿ ಕಡೆ ಥ್ರಿಪ್ಸ್‌ಗೂ ನುಸಿ ಅಂತೀವಿ, ಮೈಟ್‌ಗೂ ನುಸಿ ಅಂತೀವಿ. ಎಡವಟ್ಟು ಶುರುವಾಗೋದೇ ಅಲ್ಲಿ. ಮೆಣಸಿನ ಎಲೆ ಅಂಚು ಮೇಲಕ್ಕೆ ಮಡಚಿ ದೋಣಿಯಂತಾದರೆ ಥ್ರಿಪ್ಸ್. ಕೆಳಕ್ಕೆ ಮುದುಡಿ, ತೊಟ್ಟು ಇಲಿಬಾಲದಂತೆ ಉದ್ದವಾದರೆ ಮೈಟ್.

ಮೈಟ್ ಕೀಟವಲ್ಲ, ಎಂಟು ಕಾಲಿನ ಜೇಡದ ಬಳಗ. ಇಮಿಡಾಕ್ಲೋಪ್ರಿಡ್‌ಗೆ ಜಗ್ಗಲ್ಲ. ತೋಟಗಾರಿಕೆ ಓದಿದ ನಾನೇ, ಸಾವಯವಕ್ಕೆ ಬರೋ ಮೊದಲು, ಅದನ್ನೇ ಎರಡು ಸಲ ಹೊಡೆದೆ. ಒಂದು ಎಕರೆಯ ಹೂವೆಲ್ಲಾ ಉದುರಿತು. (ಓದಿದ್ದು ಹೊಲದಲ್ಲಿ ನೆನಪಾಗಲಿಲ್ಲ!)

ಈಗ ಮೈಟ್‌ಗೆ ಹೊಡೆಯೋದು ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ. ಸಂಜೆ ತಂಪಿನಲ್ಲಿ, ಎಲೆಯ ತಳಭಾಗ ತೊಯ್ಯುವಂತೆ. ಬಿರುಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ. ಬೇವಿನೆಣ್ಣೆ ಹೊಡೆದಿದ್ದರೆ ಎರಡು ವಾರ ಗಂಧಕ ಬೇಡ.

ಅನುಮಾನ ಇದ್ದರೆ ಮೊಬೈಲ್ ಕ್ಯಾಮೆರಾ ಮುಂದೆ 10 ಪಟ್ಟಿನ ಭೂತಗನ್ನಡಿ ಹಿಡಿದು ಕುಡಿ ಎಲೆಯ ತಳ ನೋಡಿ. ಬರಿಗಣ್ಣಿಗೆ ಮೈಟ್ ಕಾಣಲ್ಲ.