ಕತ್ತಲಲ್ಲಿ ಕಳೆದ ಕಾಲು

ಹಲ್ಲು ಕೀಳಿಸಿಕೊಳ್ಳಲು ಮಕ್ಕಳು ಹೆದರಬಾರದೆಂದು ನೈಟ್ರಸ್ ಆಕ್ಸೈಡ್ ಗ್ಯಾಸಿನ ಯಂತ್ರ ತರಿಸಿದ್ದೆ. ಮಕ್ಕಳಿಗಿಂತ ಅದು ನನಗೇ ಹೆಚ್ಚು ಬಳಕೆಯಾಯಿತು. ರಾತ್ರಿ ಕಂಪೌಂಡರ್ ಮನೆಗೆ ಹೋದ ಮೇಲೆ ಐದು ನಿಮಿಷ ಮಾಸ್ಕ್; ಬರಬರುತ್ತ ಅರ್ಧ ತಾಸು. ಡಾಕ್ಟರಿಗೆ ಅಳತೆ ಗೊತ್ತಿರುತ್ತದೆ ಎಂಬ ಸೊಕ್ಕು ಬೇರೆ.

ಮೊದಲು ಕಾಲ್ಬೆರಳು ಜೋಮು ಹಿಡಿದವು. ರೋಗಿಯ ಬಾಯಿ ನೋಡಲು ಕುತ್ತಿಗೆ ಬಗ್ಗಿಸಿದರೆ ಬೆನ್ನುದ್ದಕ್ಕೂ ಕರೆಂಟ್ ಹೊಡೆದ ಹಾಗೆ. ಔಷಧಿ ಅಂಗಡಿ ಇಟ್ಟಿರುವ ಸೋದರಮಾವ, "ದಿನಾ ನಿಂತ ಕೆಲಸಾ ಮಾಡ್ತಿ, ನರಾ ಹಿಡದಾವ" ಎಂದು ಫೋಲಿಕ್ ಆಸಿಡ್ ಗುಳಿಗೆ ಕೊಟ್ಟರು. ವಿಟಮಿನ್ ಬಿ12 ಇಲ್ಲದಾಗ ಬರೀ ಅದನ್ನು ನುಂಗಿದರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರ ಒಳಗೊಳಗೇ ಕೆಡುತ್ತದೆ. ಮಾವನಿಗೆ ತಿಳಿಯದು ಸರಿ, ಓದಿದವನು ನಾನು!

ಒಂದು ರಾತ್ರಿ ಕ್ಲಿನಿಕ್ಕಿಗೆ ಬೀಗ ಹಾಕಿ ಇಳಿಯುತ್ತಿದ್ದೆ. ಮೂರನೇ ಮೆಟ್ಟಿಲಿಗೆ ಕರೆಂಟ್ ಹೋಯಿತು. ಅದರ ಜೊತೆ ಕಾಲೂ ಹೋದವು. ನೋವಿಲ್ಲ, ಏನಿಲ್ಲ, ಎಲ್ಲಿ ಊರಿದ್ದೇನೆಂಬುದೇ ತಿಳಿಯದು. ಗೋಡೆ ತಡವಿದೆ, ಅಂಗೈಗೆ ಸುಣ್ಣ ಹತ್ತಿತು. ಕೊನೆಗೆ ಕೂತು, ಕೂಸಿನ ಹಾಗೆ ಕುಂಡಿ ಸರಿಸುತ್ತ ಒಂದೊಂದೇ ಮೆಟ್ಟಿಲು ಇಳಿದೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಾಯ್ದಾಗ ಅದರ ಬೆಳಕಲ್ಲಿ ಕಂಡಿತು, ಎಡಗಾಲಲ್ಲಿ ಚಪ್ಪಲಿ ಇಲ್ಲ. ಕಳಚಿದ್ದು ಯಾವ ಮೆಟ್ಟಿಲಲ್ಲೋ!

"ನಾಳೆ ಮಿರಜಕ್ಕ ಹೋಗೂದರಿ, ಮಾವಾರ ಮಾತ ಸಾಕ" ಎಂದಳು ಮನೆಯವಳು.

ಮಿರಜದ ನರರೋಗ ತಜ್ಞರು ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲೆಂದರು. ಮುಚ್ಚಿದ್ದೇ ತಡ, ಅವರ ತೋಳಿಗೆ ಬಿದ್ದೆ. "ಗ್ಯಾಸ್ ಎಷ್ಟು ತಗೋತೀರಿ?" ಎಂದು ನೇರ ಕೇಳಿದರು. ರಕ್ತದಲ್ಲಿ ಬಿ12 ಅಂಕಿ ಸರಿಯೇ ಇತ್ತು, ಆದರೆ ಬಿ12 ಕೆಲಸ ಮಾಡದಿದ್ದಾಗ ಹೆಚ್ಚುವ ಹೋಮೋಸಿಸ್ಟೀನ್ ಏರಿತ್ತು. ಈ ಗ್ಯಾಸ್ ಇದ್ದ ಬಿ12 ಅನ್ನೇ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಆಗ ನರದ ಹೊದಿಕೆ ಕರಗುತ್ತದೆ. ಮೊದಲೇ ನಮ್ಮದು ಜೈನರ ಮನೆ, ಮಾಂಸ ಮೊಟ್ಟೆ ಇಲ್ಲ; ಹಾಲು ಮೊಸರಿನ ಬಿ12 ಎಷ್ಟರದು? 1978ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೇಜರ್ ಎಂಬ ವೈದ್ಯರು ಇಂಥ 15 ರೋಗಿಗಳ ಬಗ್ಗೆ ಬರೆದಿದ್ದರು. ಅವರಲ್ಲಿ 14 ಮಂದಿ ನಮ್ಮವರೇ, ದಂತವೈದ್ಯರು.

ಗ್ಯಾಸ್ ಇಟ್ಟುಕೊಂಡವರು ಸಿಲಿಂಡರಿನ ಕೀಲಿಯನ್ನು ಕಂಪೌಂಡರ್ ಕೈಗೆ ಕೊಡಿ, ಎಷ್ಟು ಖರ್ಚಾಯಿತೆಂದು ಅವನೇ ಬರೆಯಲಿ. ಕೋಣೆಯ ಗ್ಯಾಸ್ ಹೊರಗೆ ಹೋಗುವಂತೆ ಮಾಡಿ. ಜೋಮು ಬಂದರೆ ವೈದ್ಯರಿಗೆ ಗ್ಯಾಸಿನ ಮಾತು ಮುಚ್ಚಿಡಬೇಡಿ.

ಬಿ12 ಇಂಜೆಕ್ಷನ್ ಆದವು, ಯಂತ್ರ ಮಾರಿದೆ. ಈಗ ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕುತ್ತೇನೆ. ತನ್ನ ಗುಳಿಗೆಯಿಂದಲೇ ಅಳಿಯ ಎದ್ದು ಓಡಾಡುತ್ತಿದ್ದಾನೆಂದು ಮಾವ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರಂತೆ.